ಲೂಸಿಬಾಯಿಯ ಬಚ್ಚಲಿನ ಗ್ರಾಫು

ಹೋದ ತಿಂಗಳು ದಾಂಡೇಲಿ ಹತ್ತಿರದ ಮೌಳಂಗಿ ಕಡೆಯ ಒಂದು ರೆಸಾರ್ಟಿಗೆ ತಪಾಸಣೆಗೆ ಹೋಗಿದ್ದೆ. ಅಲ್ಲಿನ ಮ್ಯಾನೇಜರು ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋಗಿ, ಸಾಲಾಗಿ ನಿಲ್ಲಿಸಿದ್ದ ನೀರು ಕಾಯಿಸುವ ಯಂತ್ರಗಳನ್ನು ತನ್ನ ಮಕ್ಕಳ ಪರಿಚಯ ಮಾಡಿಸುವ ಹಾಗೆ ಒಂದೊಂದಾಗಿ ತೋರಿಸಿದ. ನಾನು ಅವುಗಳ ಬೆನ್ನ ಹಿಂದೆ ಹೋಗಿ ನಿಂತೆ. ತಣ್ಣನೆಯ ಗಾಳಿ ಮುಖಕ್ಕೆ ಬಂತು. "ಮೇಡಂ, ಮೀಟರು ಈ ಕಡೆ ಇದೆ" ಎಂದ ಪಾಪ. ಮೀಟರು ಎಲ್ಲಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕಣ್ಣು ತುಂಬಿಕೊಂಡಿತ್ತು, ಅದಕ್ಕೇ ಆ ಕಡೆ ತಿರುಗಿದ್ದೆ.

ಈ ಯಂತ್ರ ನೀರನ್ನು ಕಾಯಿಸುವ ಬಗೆ ವಿಚಿತ್ರ. ಫ್ರಿಜ್ಜು ತನ್ನ ಹೊಟ್ಟೆಯೊಳಗಿನ ಬಿಸಿಯನ್ನು ಹೊರಗೆ ಹಾಕುತ್ತದಲ್ಲ, ಇದು ಹೊರಗಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ. ಬಿಸಿ ಕಳೆದುಕೊಂಡ ಗಾಳಿ ಹಿಂದಿನಿಂದ ತಣ್ಣಗೆ ಹೊರಬೀಳುತ್ತದೆ. ಕರೆಂಟು ಬಹಳ ಕಡಿಮೆ ಸಾಕು. ಇದನ್ನು ಮೊದಲ ಸಲ ವಿವರಿಸಿದಾಗ, ಹಿಂದೆ ನಾನು ಇಂಥದ್ದೊಂದನ್ನು ಕೂರಿಸಿಕೊಟ್ಟಿದ್ದ ಮನೆಯ ಮುದುಕಿ ಲೂಸಿಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. "ಹೊಟ್ಟಿಯಾಗ ಕುದಿಯೂದು, ಹೊರಗ ತಣ್ಣಗಿರೂದು. ಥೇಟ್ ನಮ್ಮ ಮನಿಯವ್ರು ಇದ್ದಂಗ ಐತಿ ನೋಡವಾ." ಆಕೆಯ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈಗ ಲೂಸಿಬಾಯಿಯೂ ಇಲ್ಲ.

ನಾನು ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರು. ಕರೆಂಟು ಉಳಿಸುವ ಹೊಸ ಹೊಸ ಸಾಮಾನು ಪೇಟೆಗೆ ಬರುತ್ತಲೇ ಇರುತ್ತವೆ. ಜನರಿಗೆ ತೆಗೆದುಕೊಳ್ಳಿ ಎಂದು ಹೇಳುವ ಮೊದಲು ಅವು ನಿಜವಾಗಿ ಉಳಿಸುತ್ತವೆಯೋ ಇಲ್ಲವೋ ಎಂದು ನಿಜವಾದ ಮನೆ, ಅಂಗಡಿಗಳಲ್ಲಿ ಒಂದು ವರ್ಷ ಇಟ್ಟು ನೋಡಬೇಕು ಎಂದು ಕೆಲವು ವರ್ಷಗಳ ಹಿಂದೆ ಕಂಪನಿ ತೀರ್ಮಾನಿಸಿತು. ಅದಕ್ಕೆ ಆರಿಸಿದ್ದು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ಮುಂಡಗೋಡದ ಬಿಸಿಲೂ ಬೇಕು, ಜೋಯಿಡಾದ ಮಳೆಯೂ ಬೇಕು ಎಂಬ ಲೆಕ್ಕಾಚಾರ. ಜೋಯಿಡಾ ಕಡೆಯ ರಾಮನಗರದ ತಂಪು ಪಾನೀಯದ ಅಂಗಡಿಗೆ ಹೊಸ ನಮೂನೆಯ ಫ್ರಿಜ್ಜು, ಮುಂಡಗೋಡದ ಗಿರಣಿಗೆ ಹೊಸ ಮೋಟಾರು, ಅಣಶಿ ಕಡೆಯ ಮನೆಗಳಿಗೆ ಫ್ಯಾನು. ಹಳಿಯಾಳದ ಸುತ್ತಿನ ಕೆಲವು ಮನೆಗಳಿಗೆ ಈ ನೀರಿನ ಯಂತ್ರ. ಎಲ್ಲದಕ್ಕೂ ಒಂದೊಂದು ಮೀಟರು. ಯಾವ ಮನೆಯಲ್ಲಿ ಯಾವ ಹೊತ್ತಿಗೆ ಎಷ್ಟು ಕರೆಂಟು ಹೋಯಿತು ಎಂಬುದು ನನ್ನ ಲ್ಯಾಪ್‌ಟಾಪಿನಲ್ಲಿ ಗ್ರಾಫಾಗಿ ಬರುತ್ತಿತ್ತು. ಹಳಿಯಾಳದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಕೂಟರು, ಒಂದು ರೇನ್‌ಕೋಟು, ಇಷ್ಟೇ ನನ್ನ ಸಂಸಾರ. ಅವ್ವ ಹೋಗಿ ಎರಡು ವರ್ಷವಾಗಿತ್ತು. ಆಕೆ ಹೋದ ಮೇಲೆ ನನ್ನ ಸಿಟ್ಟು ಮೂಗಿನ ತುದಿಗೆ ಬಂದು ಕುಳಿತಿತ್ತು. ಆಫೀಸಿನವರು ಸಾಕಾಗಿ ಹೋಗಿ ಈ ಕೆಲಸಕ್ಕೆ ನನ್ನನ್ನು ಕಳಿಸಿದರು ಎಂಬ ಗುಮಾನಿ ನನಗೆ ಈಗಲೂ ಇದೆ.

ಲೂಸಿಬಾಯಿಯದು ಹಳಿಯಾಳದಿಂದ ಸ್ವಲ್ಪ ದೂರದ ಊರಿನಲ್ಲಿ ಒಂದು ಸಿದ್ದಿ ಕುಟುಂಬ. ಮಗ ಅಂತೋನ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಸೊಸೆ ಸುನೀತಾ, ಎರಡು ಮೊಮ್ಮಕ್ಕಳು. ಗೋಡೆಯ ಮೇಲೆ ಮಾತೆ ಮರಿಯಮ್ಮನ ಪಟ, ಅಂಗಳದಲ್ಲಿ ಒಂದು ಹಲಸಿನ ಮರ, ಹಿತ್ತಲಲ್ಲಿ ಎಮ್ಮೆ. ಮನೆಯೊಳಗೆ ಕೊಂಕಣಿ, ಬಾಗಿಲು ದಾಟಿದರೆ ನಮ್ಮ ಕಡೆಯ ಕನ್ನಡ. ಲೂಸಿಬಾಯಿ ಎತ್ತರದ ಹೆಂಗಸು. ಬೆಳ್ಳಗಾಗಿದ್ದ ಗುಂಗುರು ಕೂದಲನ್ನು ಬಿಗಿಯಾಗಿ ಗಂಟು ಹಾಕಿರುತ್ತಿದ್ದಳು. ಊರಿನ ಸಿದ್ದಿಯರ ಕೂಸುಗಳಿಗೂ, ಪಕ್ಕದ ಓಣಿಯ ಲಿಂಗಾಯತ ರೈತರ ಕೂಸುಗಳಿಗೂ ಎರೆಯುತ್ತಿದ್ದವಳು ಆಕೆಯೇ. ಎರೆಯುವುದೆಂದರೆ ನಮ್ಮಲ್ಲಿ ಬರೀ ನೀರು ಹಾಕುವುದಲ್ಲ. ಎಣ್ಣೆ ತಿಕ್ಕಿ, ಕೈಕಾಲು ನೀವಿ, ಬಾಣಂತಿಯ ಸೊಂಟ ಕಾಯುವ ಹಾಗೆ ಕೊಡಗಟ್ಟಲೆ ಸುಡುನೀರು ಹೊಯ್ದು, ತಾಯಿ ಮಗು ಇಬ್ಬರನ್ನೂ ನಿದ್ದೆಗೆ ಕಳಿಸುವುದು. ಅದಕ್ಕೆ ಹಂಡೆ ಹಂಡೆ ನೀರು ಕಾಯಬೇಕು. ನಲವತ್ತು ವರ್ಷ ಒಲೆಯ ಮುಂದೆ ಕುಳಿತು ಕುಳಿತು ಆಕೆಯ ಎದೆಯಲ್ಲಿ ಹೊಗೆ ತುಂಬಿತ್ತು. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಹಳಿಯಾಳದ ಡಾಕ್ಟರು, ಇನ್ನು ಹೊಗೆ ಕುಡಿದರೆ ಉಳಿಯುವುದಿಲ್ಲ ಎಂದು ಬೈದು ಕಳಿಸಿದ ಮೇಲೆ ಎರೆಯುವುದನ್ನು ಬಿಟ್ಟಿದ್ದಳು. ಅಂತೋನ ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಒಂದು ಕರೆಂಟಿನ ಕಾಯಿಲ್ಲು ತಂದುಕೊಟ್ಟಿದ್ದ. ಮನೆಯವರಿಗೆ ತಲೆಗೊಂದು ಬಕೆಟ್ಟು ಬಿಸಿನೀರು ಅದರಲ್ಲೇ.

ಮಳೆಗಾಲ ಶುರುವಾಗುವ ಹೊತ್ತಿಗೆ ಆ ಕಾಯಿಲ್ಲು ತೆಗೆಸಿ ಯಂತ್ರ ಕೂರಿಸಿದೆವು. ಒಪ್ಪಂದದ ಕಾಗದವನ್ನು ನಾನೇ ಓದಿ ಹೇಳಿದೆ. ಯಂತ್ರ ಕಂಪನಿಯದು, ವರ್ಷ ಸರಿಯಾಗಿ ಬಳಸಿದರೆ ಆಮೇಲೆ ನಿಮ್ಮದೇ. ಆದರೆ ಮನೆಯವರ ಬಳಕೆಗೆ ಮಾತ್ರ. ಇಲ್ಲದಿದ್ದರೆ ತೆಗೆದು ಬೇರೆ ಮನೆಗೆ. ಲೂಸಿಬಾಯಿ ತಲೆ ಆಡಿಸಿ ಸಹಿ ಹಾಕಿದಳು. ಮೊದಲ ಎರಡು ತಿಂಗಳು ಆಕೆಯ ಗ್ರಾಫು ನೋಡುವುದೇ ಒಂದು ಚೆಂದ. ಬೆಳಿಗ್ಗೆ ಸಣ್ಣದೊಂದು ದಿಬ್ಬ, ಆಮೇಲೆ ದಿನವಿಡೀ ಸಪಾಟು. ನಮ್ಮ ಸಾಹೇಬರಿಗೆ ಅದನ್ನೇ ಮಾದರಿ ಎಂದು ಕಳಿಸಿ ಬೆನ್ನು ತಟ್ಟಿಸಿಕೊಂಡೆ.

ಶ್ರಾವಣದಲ್ಲಿ ಒಂದು ದಿನ ಲೂಸಿಬಾಯಿ ಫೋನು ಮಾಡಿಸಿ ಕರೆಸಿದಳು. ಯಂತ್ರವನ್ನು ಬಚ್ಚಲ ಬಾಗಿಲ ಪಕ್ಕದಿಂದ ತೆಗೆದು ಹಿಂದಿನ ಗೋಡೆಗೆ ಹಾಕಿಕೊಡಬೇಕಂತೆ. ಯಾಕೆ ಎಂದರೆ, "ಥಂಡಿ ಗಾಳಿ ಒಳಗ ಬರ್ತೈತವಾ" ಎಂದಳು. ಬಿಸಿಲಿಗೆ ಬೇಕಾದೀತು ಆಯಿ ಎಂದೆ. "ಬಿಸಲಾಗ ಎಮ್ಮಿಗೆ ಆಗತೈತಿ, ಆ ಕಡಿಗೆ ತಿರುಗಸು." ಮುದುಕಿಯ ಹಟ ಎಂದುಕೊಂಡು, ಗೊಣಗುತ್ತಲೇ ಹಾಕಿಸಿಕೊಟ್ಟೆ. ಬಾಣಂತಿಯರ ಮೈಗೆ ತಣ್ಣನೆಯ ಗಾಳಿ ತಾಗಬಾರದು ಎಂಬುದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಮಾತು. ಆದರೂ ನನ್ನ ತಲೆಗೆ ಹೊಳೆಯಲಿಲ್ಲ. ಅಷ್ಟು ಓದಿ ಏನು ಬಂತು ಮಣ್ಣು!

ಆಮೇಲೆ ಗ್ರಾಫು ಕೆಟ್ಟಿತು. ಹತ್ತು ಗಂಟೆಗೆ ಏರಿದರೆ ಒಂದು ಗಂಟೆಯ ತನಕ ಇಳಿಯುತ್ತಿರಲಿಲ್ಲ. ದೀಪಾವಳಿ ಕಳೆಯುವ ಹೊತ್ತಿಗೆ ಹಳೆಯ ಕಾಯಿಲ್ಲಿಗಿಂತ ಜಾಸ್ತಿ ಕರೆಂಟು ಹೋಗತೊಡಗಿತ್ತು. ಎಲ್ಲ ಮನೆಗಳೂ ಉಳಿಸುತ್ತಿದ್ದರೆ ಇದೊಂದು ಮನೆ ಎಲ್ಲರ ಉಳಿತಾಯವನ್ನೂ ನುಂಗುತ್ತಿತ್ತು. ಮೀಟರು ಬದಲಿಸಿದೆ, ವೈರು ನೋಡಿದೆ, ಕೊಳಾಯಿ ಸೋರುತ್ತಿದೆಯೇ ಎಂದು ಸುನೀತಾಳನ್ನು ಕೇಳಿದೆ. "ಇಲ್ಲರೀ ಅಕ್ಕಾರ" ಎಂದು ನೆಲ ನೋಡುತ್ತ ಹೇಳಿದಳು. ಜನವರಿಯಲ್ಲಿ ಸಾಹೇಬರು ಹುಬ್ಬಳ್ಳಿಯಿಂದ ಫೋನು ಮಾಡಿ, "ಏನ್ರೀ, ನಿಮ್ಮ ಮಾದರಿ ಮನಿಯಾಗ ಖಾನಾವಳಿ ಇಟ್ಟಾರೇನು?" ಎಂದರು. ಮೈಯೆಲ್ಲ ಉರಿದುಹೋಯಿತು.

ಮರುದಿನ ಹೇಳದೆ ಕೇಳದೆ ಹನ್ನೊಂದು ಗಂಟೆಗೆ ಸ್ಕೂಟರು ತಂದು ಅಂಗಳದಲ್ಲಿ ನಿಲ್ಲಿಸಿದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ತಲೆಗೆ ಸ್ಕಾರ್ಫು ಬಿಗಿದ ನಾಲ್ಕು ಬಾಣಂತಿಯರು ಗೋಡೆಗೆ ಒರಗಿ ಕುಳಿತಿದ್ದರು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಕೂಸು, ಪಕ್ಕದಲ್ಲಿ ಎಣ್ಣೆ ಬಟ್ಟಲು, ಮಡಿಸಿಟ್ಟ ಹಳೇ ಸೀರೆ. ನನ್ನ ಸಿಟ್ಟು ಎಲ್ಲಿತ್ತೋ ಎಲ್ಲ ಬಾಯಿಗೆ ಬಂತು. "ಏನಿದು, ಧರ್ಮಶಾಲಿ ಮಾಡೀರೇನು? ಕಾಗದದಾಗ ಏನ್ ಬರದಿತ್ತು? ಸಹಿ ಯಾರು ಮಾಡಿದ್ರು?" ಎಂದು ಕಿರುಚಿದೆ. ಬಾಣಂತಿಯರು ಸೆರಗು ಎಳೆದುಕೊಂಡರು. ಒಳಗಿನಿಂದ ಲೂಸಿಬಾಯಿಯ ದನಿ ಬಂತು, ಒಂದಿಷ್ಟೂ ಏರದೆ.

"ಒದರಬ್ಯಾಡವಾ, ಕೂಸು ಬೆಚ್ಚತೈತಿ. ಒಳಗ ಬಾ, ಬಾಗಲಾ ಮುಚ್ಚು. ಗಾಳಿ ಬರತೈತಿ."

ಒಳಗೆ ಹೋದೆ. ಮಣೆಯ ಮೇಲೆ ಕುಳಿತು, ಚಾಚಿದ ಎರಡು ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಿದ್ದಳು. ಒಂದು ಕೈ ಬೆನ್ನ ಮೇಲೆ, ಇನ್ನೊಂದು ಕೈಯಲ್ಲಿ ತಂಬಿಗೆ. ನೀರು ಕೂಸಿನ ಮೇಲೆ ನೇರ ಬೀಳುತ್ತಿರಲಿಲ್ಲ, ಮೊದಲು ಆಕೆಯ ಅಂಗೈಗೆ ಬಿದ್ದು ಆಮೇಲೆ ಬೆನ್ನಿಗೆ ಇಳಿಯುತ್ತಿತ್ತು. ಅಳುತ್ತಿದ್ದ ಕೂಸು ಮೂರನೇ ತಂಬಿಗೆಗೆ ಸುಮ್ಮನಾಯಿತು. ಇಡೀ ಬಚ್ಚಲಲ್ಲಿ ಹೊಗೆ ಎಂಬುದಿರಲಿಲ್ಲ, ಬರೀ ಹಬೆ. ಆಕೆ ಒಮ್ಮೆಯೂ ಕೆಮ್ಮಲಿಲ್ಲ.

ಒಬ್ಬೊಬ್ಬರಿಗೇ ಎರೆದು ಮುಗಿಸುವ ತನಕ ನಾನು ಒದ್ದೆ ಮೂಲೆಯಲ್ಲಿ ನಿಂತೇ ಇದ್ದೆ. ಎಲ್ಲರೂ ಹೋದ ಮೇಲೆ ಲೂಸಿಬಾಯಿ ನನ್ನ ತಲೆಯನ್ನೇ ನೋಡಿದಳು.

"ಈ ತಲಿ ಎಣ್ಣಿ ಕಂಡು ಎಷ್ಟ ದಿನಾ ಆತು?"

"ಅವ್ವ ಹೋದಾಗಿಂದ ಇಲ್ಲ ಆಯಿ."

"ಕುಂದ್ರು."

ಬೇಡ ಎನ್ನಬೇಕಿತ್ತು. ನಾನು ತನಿಖೆಗೆ ಬಂದವಳು. ಆದರೆ ಸುನೀತಾ ಅಷ್ಟರಲ್ಲಿ ತನ್ನದೊಂದು ಹಳೇ ಸೀರೆ ತಂದು ಕೊಟ್ಟಿದ್ದಳು. ನೆತ್ತಿಗೆ ಎಣ್ಣೆ ಬಡಿದು, ಸ್ಕೂಟರು ಓಡಿಸಿ ಕಲ್ಲಾಗಿದ್ದ ಕುತ್ತಿಗೆಯನ್ನು ಹಿಟ್ಟು ನಾದಿದ ಹಾಗೆ ನಾದಿ, ಲೂಸಿಬಾಯಿ ನನಗೆ ಎರೆದಳು. ಮೂವತ್ತು ದಾಟಿದ ಸರಕಾರಿ ಜೋರಿನ ಹೆಂಗಸು ನಾನು, ನೀರು ಸುರಿಯುತ್ತಿದ್ದದ್ದೇ ನೆಪ ಮಾಡಿಕೊಂಡು ಮನಸಾರೆ ಅತ್ತೆ. ಆಕೆಗೆ ಗೊತ್ತಾಗಿರಬೇಕು. ಏನೂ ಕೇಳದೆ ಇನ್ನೆರಡು ತಂಬಿಗೆ ಜಾಸ್ತಿ ಹಾಕಿದಳು.

ಆಮೇಲೆ ಚಹಾ ಕುಡಿಯುತ್ತ ಹೇಳಿದಳು. ಆಷಾಢದ ಮಳೆಯಲ್ಲಿ ಪಕ್ಕದ ಓಣಿಯ ಶಿವಲೀಲಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಷ್ಟು. ಕಟ್ಟಿಗೆಯೆಲ್ಲ ಹಸಿ, ಮನೆ ತುಂಬ ಹೊಗೆ, ಕೂಸಿಗೆ ಉಸಿರು ಕಟ್ಟುತ್ತಿತ್ತು. ಶಿವಲೀಲಾಳ ಅತ್ತೆ ಬಂದು ಬಾಗಿಲಲ್ಲಿ ನಿಂತು ಅತ್ತಳು. "ಇಲ್ಲಿ ನೀರ ಕಾದು ಸುಮ್ನ ಕುಂತಿತ್ತವಾ. ಕೂಸಿನ್ನ ತೊಗೊಂಡು ಬಾ ಅಂದೆ. ಒಂದು ಬಂತು. ಎರಡನೇದಕ್ಕ ಬ್ಯಾಡ ಅಂತ ಹೆಂಗ ಅನ್ಲಿ? ನಿನಗ ಹೇಳೂಣು ಅಂತ ದಿನಾ ಅಂತಿದ್ದೆ. ಹೇಳಿದ್ರ ಮಷೀನು ಒಯ್ದಿ ಅಂತ ಅಂಜಿಕಿ." ತಲೆಯ ಮೇಲೆ ಒದ್ದೆ ಟವೆಲು ಸುತ್ತಿಕೊಂಡು ಕುಳಿತಿದ್ದ ನನಗೆ, ಒಯ್ಯುವುದಿಲ್ಲ ಎಂದು ಹೇಳಲು ಎಷ್ಟು ಹೊತ್ತು? ಹೇಳಿಬಿಟ್ಟೆ. "ನಾನದೀನಿ ಆಯಿ, ಯಾರೂ ಒಯ್ಯಂಗಿಲ್ಲ."

ಆ ಮೂರು ತಿಂಗಳು ನನ್ನ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಹನ್ನೊಂದು ಗಂಟೆಗೆ ಅಲ್ಲಿರುತ್ತಿದ್ದೆ. ಕೆಲಸದ ನೆಪವೂ ಸಿಕ್ಕಿತ್ತು. ಈ ಬಾಣಂತಿಯರ ಮನೆಗಳಲ್ಲಿ ಒಲೆ ಉರಿದಿದ್ದರೆ ಎಷ್ಟು ಕಟ್ಟಿಗೆ ಬೇಕಾಗುತ್ತಿತ್ತು ಎಂದು ತೂಗಿ ನೋಡತೊಡಗಿದೆ. ಹಲಸಿನ ಟೊಂಗೆಗೆ ತಕ್ಕಡಿ ಕಟ್ಟಿ ಹೊರೆ ಹೊರೆಯಾಗಿ ತೂಗುತ್ತಿದ್ದರೆ ಊರಿನ ಹೆಂಗಸರು, "ಕರೆಂಟಿನ ಅಕ್ಕಾರು ಕಟಗಿ ಅಡ್ಡೆ ಹಾಕ್ಯಾರ ನೋಡ್ರಿ" ಎಂದು ನಗುತ್ತಿದ್ದರು. ಶಿವಲೀಲಾಳ ಅಂಗೈಯಷ್ಟಿದ್ದ ಕೂಸು ದುಂಡಗಾಗಿ ನನ್ನ ಕನ್ನಡಕ ಎಳೆಯತೊಡಗಿತ್ತು. ಲೂಸಿಬಾಯಿಯ ಮುಖದಲ್ಲಿ ಬಣ್ಣ ಬಂದಿತ್ತು. ಬಾವಿಯ ತನಕ ಒಬ್ಬಳೇ ನಡೆದು ಹೋಗಿ ಬರುತ್ತಿದ್ದಳು. ಕೆಲಸ ಬಿಟ್ಟಾಗ ಮೂಲೆ ಹಿಡಿದಿದ್ದ ಹೆಂಗಸು ಮತ್ತೆ ಓಣಿಯ ಸೊಸೆಯಂದಿರನ್ನೆಲ್ಲ ಹೆಸರು ಹಿಡಿದು ಬೈಯುವಂತಾಗಿದ್ದಳು. ಬೇಸಿಗೆಯಲ್ಲಿ ಎಮ್ಮೆ ಯಂತ್ರದ ತಂಪು ಗಾಳಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿತ್ತು, ಮೇಯಲಿಕ್ಕೆ ಹೊಡೆದರೂ ಹೋಗುತ್ತಿರಲಿಲ್ಲ.

ವರದಿ ಬರೆಯುವ ದಿನ ಬಂತು. ಸಾಹೇಬರು ಒಳ್ಳೆಯವರೇ. ಎಲ್ಲ ಕೇಳಿಸಿಕೊಂಡು, "ಆ ಮನಿ ಮೀಟರು ಕೆಟ್ಟಿತ್ತು ಅಂತ ಬರದು ಬಿಡ್ರಿ. ಪರೀಕ್ಷಾದಾಗಿಂದ ಆ ಮನಿ ತೆಗದಂಗಾತು, ಮಷೀನು ಅಲ್ಲೇ ಉಳೀತದ. ಯಾರಿಗೂ ತ್ರಾಸಿಲ್ಲ" ಎಂದರು. ಒಂದೇ ಒಂದು ಸಾಲು ಸುಳ್ಳು. ಬರೆದಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ಬರೆಯಲಿಲ್ಲ. ಸತ್ಯವಂತೆ ಎಂದಲ್ಲ, ಹೆಮ್ಮೆ. ಯಾರ ಕಣ್ಣಿಗೂ ಬೀಳದ್ದನ್ನು ನಾನು ಕಂಡುಹಿಡಿದಿದ್ದೇನೆ ಎಂಬ ಹೆಮ್ಮೆ. ಈ ಯಂತ್ರ ಒಂದು ಮನೆಯಲ್ಲಿ ಕರೆಂಟು ಜಾಸ್ತಿ ತಿಂದು ಹಲವು ಮನೆಗಳ ಒಲೆ ಆರಿಸಿದೆ, ನೀವು ಅಳೆಯುತ್ತಿರುವುದು ಅರ್ಧ ಮಾತ್ರ ಎಂದು ಕಟ್ಟಿಗೆಯ ತೂಕದ ಸಮೇತ ಪುಟಗಟ್ಟಲೆ ಬರೆದೆ. ಓದಿದವರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹುಚ್ಚಿ ನಾನು. ಮೇಲಿನಿಂದ ಬಂದದ್ದು ಎರಡೇ ಸಾಲು. ಕಟ್ಟಿಗೆ ನಮ್ಮ ಬಾಬತ್ತಲ್ಲ. ಷರತ್ತು ಮುರಿದಿರುವುದು ವರದಿಯಿಂದಲೇ ಸ್ಪಷ್ಟವಿರುವುದರಿಂದ ಯಂತ್ರವನ್ನು ತೆಗೆಯತಕ್ಕದ್ದು. ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. "ಬರದದ್ದು ನೀವ, ಈಗ ನಾ ಏನ್ ಮಾಡ್ಲಿ?" ಎಂದರು.

ತೆಗೆಯುವ ದಿನ ನಾನೇ ಹೋದೆ. ಬೇರೆಯವರನ್ನು ಕಳಿಸಬಹುದಿತ್ತು, ಅಷ್ಟು ಹೇಡಿಯಾಗಲಿಲ್ಲ. ಹಿಂದಿನ ದಿನವೇ ಸುನೀತಾಳಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ, ನಾನು ಬರೆಯದೆ ಬಿಟ್ಟ ಆ ಸುಳ್ಳಿನ ಸಂಗತಿಯನ್ನೂ. ನಾವು ಮುಟ್ಟುವ ಹೊತ್ತಿಗೆ ಅಂಗಳ ತುಂಬ ಬಾಣಂತಿಯರು. ಲೂಸಿಬಾಯಿ ನಸುಕಿನಿಂದಲೇ ಎಲ್ಲರನ್ನೂ ಕರೆಸಿದ್ದಳು, ಯಂತ್ರದ ನೀರಿನ ಡ್ರಮ್ಮಿನ ಕೊನೆಯ ಹನಿ ಮುಗಿಯುವ ತನಕ ಎರೆಯುತ್ತಲೇ ಇದ್ದಳು. ನನ್ನ ಜೊತೆ ಬಂದ ಮೆಕ್ಯಾನಿಕ್ಕುಗಳು ಹಲಸಿನ ಮರದ ಕೆಳಗೆ ತಲೆ ತಗ್ಗಿಸಿ ಕಾದರು. ಕೊನೆಯ ಕೂಸನ್ನು ಸೀರೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಳು.

"ಸುಳ್ಳ ಬರದಿದ್ರ ಉಳೀತಿತ್ತಂತ, ಹೌದೇನು?"

"ಹೌದು ಆಯಿ."

"ಮತ್ಯಾಕ ಬರೀಲಿಲ್ಲ?"

"ನೀವು ಮಾಡಿದ್ದು ನಾಕು ಮಂದಿಗೆ ಗೊತ್ತಾಗ್ಲಿ ಅಂತ."

ಆಕೆ ತುಸು ಹೊತ್ತು ಯಂತ್ರದ ಬೋಲ್ಟು ಬಿಚ್ಚುತ್ತಿದ್ದವರನ್ನು ನೋಡಿದಳು. "ಗೊತ್ತಿರಬೇಕಾದವ್ರಿಗೆ ಗೊತ್ತಿತ್ತಲ್ಲವಾ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನ್ನ ಕೆನ್ನೆಗೆ ಒದ್ದೆ ಕೈ ಇಟ್ಟು, "ಹೋಗ್ಲಿ ಬಿಡು. ಉಂಡು ಹೋಗು" ಎಂದಳು. ಉಂಡೆ. ಏನು ಉಂಡೆನೋ ನೆನಪಿಲ್ಲ.

ಆ ಮಳೆಗಾಲಕ್ಕೆ ನನ್ನನ್ನು ಹುಬ್ಬಳ್ಳಿಗೆ ವಾಪಸು ಕರೆಸಿಕೊಂಡರು. ಸುನೀತಾ ಆಗಾಗ ಫೋನು ಮಾಡುತ್ತಿದ್ದಳು. ಲೂಸಿಬಾಯಿ ಒಲೆ ಹೊತ್ತಿಸಿದ್ದಳು. "ಬ್ಯಾಡ ಅಂದ್ರ ಕೇಳಂಗಿಲ್ರೀ ಅಕ್ಕಾರ. ಡಾಕ್ಟರು ಹೇಳಿದ್ದು ನೆನಪಿಲ್ಲೇನು ಅಂದ್ರ, ಬಾಗಲಿಗೆ ಬಂದ ಕೂಸಿಗೆ ಒಲ್ಲೆ ಅನ್ನಾಕ ಈ ಬಾಯಿ ಬರಂಗಿಲ್ಲ ಅಂತಾಳ." ಯಂತ್ರ ಬರುವ ಮೊದಲು ಆಕೆ ಎರೆಯುವುದನ್ನು ಬಿಟ್ಟಿದ್ದಳು, ಮೂಲೆಯಲ್ಲಾದರೂ ಬದುಕಿರುತ್ತಿದ್ದಳು. ನಾವು ಕೊಟ್ಟು, ರುಚಿ ಹತ್ತಿಸಿ, ಕಿತ್ತುಕೊಂಡೆವು. ಹೋಗಿ ನೋಡಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತಿದ್ದೆ. ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ಪ್ರತಿ ಭಾನುವಾರ ಉಳಿಯುತ್ತಿದ್ದೆ. ಆ ಬಚ್ಚಲ ಹಬೆಯಲ್ಲಿ ಇನ್ನೊಂದು ಸಲ ಕುಳಿತುಕೊಳ್ಳಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಬಾಡಿಗೆ ಮನೆಯ ಗೀಜರಿನ ನೀರು ತಲೆಗೆ ಬಿದ್ದಾಗಲೆಲ್ಲ ಕತ್ತು ತಂತಾನೇ ಬಾಗಿ ಒಂದು ಕೈಗಾಗಿ ಕಾಯುತ್ತಿತ್ತು.

ಯಂತ್ರ ತೆಗೆದ ಎರಡನೇ ವರ್ಷದ ಕೊನೆಗೆ ಒಂದು ಸುತ್ತೋಲೆ ಬಂತು. ನನ್ನ ಆ ಪುಟಗಳನ್ನು ಮೇಲೆ ಯಾರೋ ಪುಣ್ಯಾತ್ಮರು ತಡವಾಗಿ ಓದಿದ್ದರು. ಇನ್ನು ಮುಂದೆ ಹಲವು ಮನೆಗಳು ಕೂಡಿ ಬಳಸುವ ಕಡೆಯೂ ಯಂತ್ರ ಕೊಡಬಹುದು, ಉಳಿದ ಕಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿತ್ತು. ಅದೇ ಯೋಜನೆ ಬೆಳೆದು ಇವತ್ತು ರೆಸಾರ್ಟುಗಳ ಟೆರೇಸಿನ ತನಕ ಬಂದಿದೆ. ಆಗ ಯಂತ್ರ ಕೊಡಬೇಕಾದ ಊರುಗಳ ಪಟ್ಟಿಯಲ್ಲಿ ಮೊದಲಿಗೆ ಲೂಸಿಬಾಯಿಯ ಊರಿನ ಹೆಸರನ್ನು ನಾನೇ ಬರೆದೆ. ಬರೆದವಳೇ ಸುನೀತಾಳಿಗೆ ಫೋನು ಹಚ್ಚಿ, "ಆಯಿಗೆ ಹೇಳು, ಮಷೀನು ಬರ್ತೈತಿ" ಎಂದೆ.

"ಆಯಿ ಕ್ರಿಸ್ಮಸ್ ಮುಂದ ಹೋದಳ್ರೀ ಅಕ್ಕಾರ. ನಿಮಗ ಹೇಳಾಕ ಧೈರ್ಯ ಆಗಲಿಲ್ಲ. ಕಡೀ ವಾರ ಉಸರು ಎಳಿಯಾಕ ಭಾಳ ಒದ್ದಾಡಿದ್ಲು." ಆಮೇಲೆ ತಾನೇ ನನ್ನನ್ನು ಸಮಾಧಾನ ಮಾಡಿ, ಕೊನೆಗೆ ಹೇಳಿದಳು, "ಮಷೀನು ಬ್ಯಾಡ್ರೀ. ನೀರ ಹೆಂಗರ ಕಾಯ್ತಾವ. ಎರಿಯೋರು ಇಲ್ಲಲ್ರೀ."

ಪಟ್ಟಿಯಿಂದ ಊರನ್ನು ತೆಗೆಯಬೇಕಾದರೆ ಕಾರಣ ಬರೆಯಬೇಕು. ವೈರಿಂಗ್ ಸರಿಯಿಲ್ಲ, ನೀರಿನ ಸೌಲಭ್ಯವಿಲ್ಲ, ಬೇಡಿಕೆಯಿಲ್ಲ, ಹೀಗೆ ಒಪ್ಪುವಂಥ ಯಾವುದನ್ನು ಬರೆದಿದ್ದರೂ ನಡೆಯುತ್ತಿತ್ತು. ನಾನು "ಎರೆಯುವವರು ಇಲ್ಲ" ಎಂದು ಬರೆದು ಸಹಿ ಹಾಕಿದೆ. ಮರುದಿನವೇ ಮೇಲಿನ ಆಫೀಸಿನಿಂದ ಫೋನು ಬಂತು.

"ಏನ್ರೀ ಇದು ಮೇಡಂ, ಕಾರಣ ಸ್ಪಷ್ಟ ಇಲ್ಲ. ಸ್ವಲ್ಪ ಸ್ಪಷ್ಟ ಬರದು ಕಳಸ್ರಿ."

"ಇದಕ್ಕಿಂತ ಸ್ಪಷ್ಟ ನನಗ ಬರಿಯಾಕ ಬರಂಗಿಲ್ರೀ ಸರ್" ಎಂದು ಫೋನು ಇಟ್ಟೆ.